ಯಾದವಗಿರಿಯಿಂದ ನೀಲಗಿರಿಗೆ

ಮೈಸೂರನ್ನು ನೋಡಲು ಬರುವವರು ಅರಮನೆಯನ್ನೂ ಮೃಗಾಲಯವನ್ನೂ ಬೆಟ್ಟದ ಮೇಲಿನ ತಾಯಿಯನ್ನೂ ಕಂಡು, ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನೋ ಊದುಬತ್ತಿಯನ್ನೋ ಕೊಂಡು, ಸಂಜೆಯ ರೈಲಿಗೆ ಹಿಂದಿರುಗುವುದು ವಾಡಿಕೆ. ರೈಲು ನಿಲ್ದಾಣಕ್ಕೆ ದೂರವಲ್ಲದ ಯಾದವಗಿರಿಯ ಕಡೆಗೆ ಅವರಾರೂ ತಿರುಗುವುದಿಲ್ಲ.  ಆದರೆ ಈ ಬಡಾವಣೆಯಿಂದ ಹೊರಟ ಒಂದು ಸದ್ದು ಮೂವತ್ತೈದು ವರ್ಷಗಳ ಕಾಲ ಹಿಂದೂಸ್ಥಾನದ ಊರೂರಿನ ಬೀದಿಗಳಲ್ಲಿ ಕೇಳಿಬರುತ್ತಿದ್ದಿತು. ವಾಚಕರಲ್ಲಿ ಅನೇಕರು ಅದನ್ನು ಕೇಳಿರಬಹುದು. ಕೆಲವರು ಆ ಸದ್ದನ್ನು ಕೇಳಿಯೇ, ಬಾಗಿಲಿಗೆ ಬಂದವರು ಯಾರೆಂಬುದನ್ನು ಒಳಗಿನಿಂದಲೇ ಅರಿತಿರಬಹುದು.

ಅದು ಜಾವಾ ಮೋಟಾರು ಸೈಕಲ್ಲಿನ ಸದ್ದು. ಚೆಕ್ ದೇಶದ ಫ್ರಾಂಟಿಷೆಕ್ ಯಾನೆಚೆಕ್ ಎಂಬವರು 1929ರಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನೂ, ವಾಂಡರರ್ ಎಂಬ ಜರ್ಮನ್ ಕಂಪೆನಿಯ ಹೆಸರಿನ ಮೊದಲಕ್ಷರಗಳನ್ನೂ ಜೋಡಿಸಿ ಈ ಹೆಸರನ್ನು ಕಟ್ಟಿದರು. ಅವರ ದೇಶದ ಅನುಮತಿಯಿಂದ ಇರಾನಿ ಮನೆತನದವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. ಮಾರನೆಯ ವರ್ಷವೇ ಗಾಡಿಗಳು ಹೊರಬೀಳತೊಡಗಿದುವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರವರು. 1973ರ ಸುಮಾರಿಗೆ ಗಾಡಿಗೆ ಯೆಜ್ದಿ ಎಂಬ ಹೊಸ ಹೆಸರು ಬಂದಿತು. ಇರಾನ್ ದೇಶದ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿಯು ಹೊರಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಈಚೆಗೆ 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ದಿ ಹೆಸರೂ ಮರಳಿ ಪೇಟೆಗೆ ಬಂದಿವೆ. ಆದರೆ ಆ ಹೊಸ ಗಾಡಿಗಳು ಮಧ್ಯಪ್ರದೇಶದಲ್ಲಿ ತಯಾರಾಗತಕ್ಕವು. ಅವಕ್ಕೆ ಕಾರ್ಬ್ಯುರೇಟರೆಂಬುದೇ ಇಲ್ಲ. ಪೆಟ್ರೋಲನ್ನು ಎಷ್ಟು ಬಿಡಬೇಕೆಂಬುದನ್ನು ಅವುಗಳಲ್ಲಿ ಒಂದು ಸಣ್ಣ ಗಣಕವು ನಿರ್ಣಯಿಸುತ್ತದೆ.

ಹಳೆಯ ಗಾಡಿಗಳಲ್ಲಿ ಅದನ್ನು ಮನುಷ್ಯನೇ ನಿರ್ಣಯಿಸಬೇಕು. ಹಾಗೆ ನಿರ್ಣಯಿಸಬಲ್ಲವರು ಮೈಸೂರಿನಲ್ಲಿ ಇನ್ನೂ ಕೆಲವರು ಇದ್ದಾರೆ. ಕಾರ್ಖಾನೆಯು ಮುಚ್ಚಿದ ಬಳಿಕ ಅಲ್ಲಿ ಕೆಲಸ ಕಲಿತ ಕೈಗಳು ಊರಿನ ಮೊಹಲ್ಲಗಳಲ್ಲಿ ಹಂಚಿಹೋದುವು. ಲಷ್ಕರ್ ಮೊಹಲ್ಲದ ಒಂದು ಗಲ್ಲಿಯಲ್ಲಿ, ಎರಡು ಗಾಡಿಗಳನ್ನು ನಿಲ್ಲಿಸಿದರೆ ಮೂರನೆಯದಕ್ಕೆ ಎಡೆಯಿಲ್ಲದಂಥ ಅಂಗಡಿಯೊಂದರಲ್ಲಿ, ನಾವು ಮೂರು ದಿನಗಳನ್ನು ಕಳೆಯುವ ಪ್ರಸಂಗ ಬಂದಿತು. ಅದರ ಕಾರಣವನ್ನು ಮೊದಲು ಹೇಳಬೇಕು.

ನಮ್ಮ ತಂಗಿಯ ಯಜಮಾನರು 1986ರಲ್ಲಿ ಒಂದು ರೋಡ್‌ಕಿಂಗ್ ಗಾಡಿಯನ್ನು ಕೊಂಡಿದ್ದರು. ಅವರಿಗೆ ಅದು ವಾಹನವೂ ಹೌದು, ವ್ಯಸನವೂ ಹೌದು. ಕಡೆಯ ವರ್ಷಗಳಲ್ಲಿ ಅವರು ಅದರ ಸಿಲಿಂಡರನ್ನು ಕೊರೆಸಿ 65 ಮಿಲಿಮೀಟರಿನ ಬಾಯಿಯನ್ನು 66ಕ್ಕೆ ಹಿಗ್ಗಿಸಿದರು. ಒಳಗಿನ ಗಾಳಿದಾರಿಗಳನ್ನು ಅರದಿಂದ ನಯಮಾಡಿಸಿದರು. ಗಾಳಿಶೋಧಕದ ಪೆಟ್ಟಿಗೆಯನ್ನು ಕಿತ್ತು ಶಂಕುವಿನಾಕಾರದ ಒಂದು ಬಟ್ಟೆಯ ಶೋಧಕವನ್ನು ಸಿಕ್ಕಿಸಿದರು. ಎರಡು ಸೈಲೆನ್ಸರುಗಳಿಗೆ ಬದಲಾಗಿ ಓಟದ ಗಾಡಿಯ ಒಂದೇ ಕೊಳವೆಯನ್ನು ಹಾಕಿಸಿದರು. ಇಷ್ಟಾಗಿ, ಬೇರೊಂದು ಊರಿನ ಅಂಗಡಿಯವರು ಅದಕ್ಕೆ 34 ಮಿಲಿಮೀಟರಿನ ದೊಡ್ಡ ಕಾರ್ಬ್ಯುರೇಟರೊಂದನ್ನು ಜೋಡಿಸಿ ಕಳುಹಿಸಿದರು. ಗಾಡಿಯು ಅಲ್ಲಿಂದ ಮುಂದೆ ಸರಿಯಾಗಿ ಓಡಲಿಲ್ಲ. ಭಾವನವರು ಮೂರು ವರ್ಷಗಳ ಹಿಂದೆ ತೀರಿಕೊಂಡರು. ಗಾಡಿಯು ಪಡಸಾಲೆಯ ಮೂಲೆಯಲ್ಲಿ ಹಳೆಯ ಜಮಖಾನದ ಕೆಳಗೆ ನಿಂತಿತು.

ಅವರ ಮಗಳು ಊಟಿಯ ಒಂದು ಶಾಲೆಯಲ್ಲಿ ಅಧ್ಯಾಪಿಕೆ. ದಸರೆಯ ರಜೆಗೆ ಬಂದವಳು, ಮರಳುವಾಗ ತಂದೆಯ ಗಾಡಿಯಲ್ಲಿಯೇ ಮರಳುವೆನೆಂದು ಹಟ ಹಿಡಿದಳು. ತಾಯಿಯು ಅದಕ್ಕಿಂತ ಮುಂಚೆಯೇ ಗಾಡಿಯನ್ನು ಮಾರುವ ಮಾತಾಡಿ, ಬೆಂಗಳೂರಿನ ಗಿರಾಕಿಯೊಬ್ಬರನ್ನು ಗೊತ್ತುಮಾಡಿದ್ದಳು. ಇಂತಹ ಹಳೆಯ ಗಾಡಿಗಳಿಗೆ ಈಗ ಬರುವ ಬೆಲೆಯು ಸಣ್ಣದಲ್ಲ. ನಮ್ಮನ್ನು ಮಧ್ಯಸ್ಥಿಕೆಗೆ ಕರೆಯಿಸಿದರು.

ತಂಗಿಯು ಹೇಳಿದಳು: “ಅಣ್ಣ, ನೀನೂ ಅವಳ ಪಕ್ಷವೇ ಎಂದು ಮುಖ ನೋಡಿದರೇ ಗೊತ್ತಾಗುತ್ತದೆ. ಆಗಲಿ, ಗಾಡಿ ಹತ್ತಿಕೊಂಡೇ ಹೋಗಲಿ. ನಾನು ನಿನ್ನ ಕಾರಿನಲ್ಲಿ ಹಿಂದೆಯೇ ಬರುತ್ತೇನೆ. ದಾರಿಯಲ್ಲಿ ಒಂದೇ ಒಂದು ಸಲ ಅದು ಕೆಟ್ಟು ನಿಂತರೂ ಸೋಮವಾರ ಗಿರಾಕಿಯ ಕೈಗೆ ಕೊಟ್ಟುಬಿಡುವುದು.”

ಸೋದರಸೊಸೆಯು ನಮ್ಮ ಮುಖ ನೋಡಿದಳು. “ನಾಲ್ಕು ದಿನ ಉಂಟು, ಮಾವ. ಮೇಸ್ತ್ರಿಗಳ ಹತ್ತಿರ ಹೋಗೋಣ” ಎಂದಳು.

ತಾಯಿಯ ಭಯವನ್ನು ಹುಚ್ಚೆನ್ನುವಂತಿರಲಿಲ್ಲ. ಯೆಜ್ದಿಯು ಟೂ-ಸ್ಟ್ರೋಕ್ ಯಂತ್ರ; ಅದರ ಒಡಲಿನ ಭಾಗಗಳನ್ನು ನುಣ್ಣಗಿಡುವ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿರುತ್ತಾರೆ, ಲೀಟರಿಗೆ ಸುಮಾರು ನಾಲ್ವತ್ತು ಮಿಲಿಲೀಟರಿನಂತೆ. ಆದುದರಿಂದ ಪೆಟ್ರೋಲು ಸಾಲದೆ ಹೋದರೆ ಎಣ್ಣೆಯೂ ಸಾಲದೆ ಹೋಗುತ್ತದೆ. ಗಾಳಿಯು ಹೆಚ್ಚಾಗಿ ಪೆಟ್ರೋಲು ಕಡಮೆಯಾದ ಮಿಶ್ರಣವು ಒಳಗೆ ಅತಿಯಾದ ಶಾಖವನ್ನೂ ಹುಟ್ಟಿಸುವುದು. ಪಿಸ್ಟನ್ನು ಉಬ್ಬಿ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಂಡು ನಿಲ್ಲುವುದು. ಮೇಸ್ತ್ರಿಗಳು ಇದನ್ನು ಸೀಜ್ ಎನ್ನುತ್ತಾರೆ. ಯಂತ್ರವು ಹಾಗೆ ನಿಂತ ಗಳಿಗೆಯಲ್ಲಿ ಕ್ಲಚ್ಚನ್ನು ಹಿಡಿಯದಿದ್ದರೆ ಹಿಂದಿನ ಚಕ್ರವೂ ಥಟ್ಟನೆ ನಿಲ್ಲುವುದು. ಘಟ್ಟದ ತಿರುವಿನಲ್ಲಿ, ಹಿಂದೆ ಬಸ್ಸು ಬರುತ್ತಿರುವಾಗ, ಇದು ಆಗಬಾರದು. ಗಾಡಿಯ ಎಲ್ಲ ಮಾರ್ಪಾಟುಗಳೂ ಸೇರಿ ಮಾಡಿದ್ದೇನೆಂದರೆ ಯಂತ್ರವು ಎಳೆಯುವ ಗಾಳಿಯನ್ನು ಹೆಚ್ಚಿಸಿದ್ದು. ಗಾಳಿಗೆ ತಕ್ಕ ಪೆಟ್ರೋಲನ್ನು ಒದಗಿಸುವ ಕೆಲಸ ಮಾತ್ರ ಅರ್ಧಕ್ಕೆ ನಿಂತಿತ್ತು.

ಮೇಸ್ತ್ರಿಗಳು ಎಪ್ಪತ್ತನ್ನು ಸಮೀಪಿಸಿದ ಸಾಹೇಬರು. ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದವರು. ಗಾಡಿಯನ್ನು ಸುತ್ತುಹಾಕಿ ನೋಡಿ, ಕಾರ್ಬ್ಯುರೇಟರಿಗೆ ಕೈ ಹಚ್ಚದೆ ಮೊದಲು ಸೈಲೆನ್ಸರನ್ನು ತಟ್ಟಿದರು. “ಇದನ್ನು ಇಟ್ಟುಕೊಳ್ಳುತ್ತೀಯಾ ಮಗಳೇ, ತೆಗೆಯುತ್ತೀಯಾ? ಮೊದಲು ಅದನ್ನು ಹೇಳು. ಆಮೇಲೆ ಮನಸ್ಸು ಬದಲಾಯಿಸಿದರೆ ನನ್ನ ಕೆಲಸ ಎಲ್ಲ ನೀರಿಗೆ.”

ಈ ಮಾತಿನ ಮರ್ಮವನ್ನು ನಾವು ಅಲ್ಲಿಯೇ ಕುಳಿತು ಅರಿತೆವು. ಗಾಳಿಯು ಒಳಗೆ ಬರುವ ದಾರಿಯೂ ಹೊಗೆಯು ಹೊರಗೆ ಹೋಗುವ ದಾರಿಯೂ ನಿಶ್ಚಿತವಾಗದೆ ಕಾರ್ಬ್ಯುರೇಟರನ್ನು ಹದಗೊಳಿಸುವುದು, ಅಳತೆ ತೆಗೆದುಕೊಂಡ ಬಳಿಕ ದಪ್ಪಗಾಗುವ ಹುಡುಗನಿಗೆ ಅಂಗಿ ಹೊಲಿಯುವಂತೆ. ಓಟದ ಕೊಳವೆಯು ಕಿವಿಗೆ ಕಠೋರವಾಗಿದ್ದುದಲ್ಲದೆ, ಕಾಯಿದೆಗೂ ಸಲ್ಲತಕ್ಕದ್ದಲ್ಲ. ತಯಾರಕರು ನಿಗದಿ ಮಾಡಿದುದಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಡೆಯುತ್ತದೆ. ಅದೂ ಅಲ್ಲದೆ ನಾವು ಹೋಗತಕ್ಕದ್ದು ಹುಲಿಗಳ ಕಾಡಿನ ನಡುವೆ. ಅಟ್ಟದ ಮೇಲೆ ಕಾಗದ ಸುತ್ತಿಟ್ಟಿದ್ದ ಹಳೆಯ ಜೋಡಿ ಸೈಲೆನ್ಸರುಗಳು ಕೆಳಗಿಳಿದು ಬಂದುವು. ಗಾಳಿಪೆಟ್ಟಿಗೆಯೂ ತನ್ನ ಸ್ಥಾನಕ್ಕೆ ಮರಳಿತು. ಕೊರೆದ ಸಿಲಿಂಡರು ಮಾತ್ರ ಕೊರೆದಂತೆಯೇ ಉಳಿಯಿತು. 250 ಘನ ಸೆಂಟಿಮೀಟರಿಗೆ ತುಸು ಕಡಮೆಯಾಗಿದ್ದ ಅದರ ಒಡಲು ಈಗ 256ಕ್ಕೂ ತುಸು ಮೇಲು.

ಇನ್ನು ಆಯ್ಕೆಯ ಮಾತು. ಕಾರ್ಬ್ಯುರೇಟರಿನ ತತ್ವವು ಗೃಹಿಣಿಯರಿಗೆ ಅಪರಿಚಿತವಾದುದಲ್ಲ. ಹಿಂದೆ ಮನೆಮನೆಗಳಲ್ಲಿದ್ದ ಸೊಳ್ಳೆಯ ಔಷಧದ ಪಂಪನ್ನು ನೆನೆದುಕೊಳ್ಳಿರಿ. ಕೊಳವೆಯ ಬಾಯಿಯ ಮೇಲೆ ಗಾಳಿಯು ರಭಸದಿಂದ ಹಾದಾಗ ಕೆಳಗಿನ ಡಬ್ಬಿಯ ದ್ರವವು ತಾನಾಗಿ ಮೇಲೇರಿ ತುಂತುರಾಗುತ್ತದೆ. ಕಾರ್ಬ್ಯುರೇಟರಿನಲ್ಲಿಯೂ ಹಾಗೆಯೇ. ಮೇಕೆದಾಟುವಿನಲ್ಲಿ ಕಾವೇರಿಯು ಬಂಡೆಗಳ ನಡುವೆ ಇಕ್ಕಟ್ಟಾಗಿ ಹಾಯುವಾಗ ಹೇಗೆ ವೇಗಗೊಳ್ಳುವಳೋ ಹಾಗೆಯೇ ಗಾಳಿಯು ಅದರ ಕಿರಿದಾದ ಗಂಟಲಿನಲ್ಲಿ ವೇಗಗೊಂಡು ಪೆಟ್ರೋಲನ್ನು ಸೆಳೆಯುತ್ತದೆ. ಗಂಟಲು ಹಿರಿದಾದಷ್ಟೂ ಒಳ್ಳೆಯದೆಂಬುದು ತರುಣರ ನಂಬಿಕೆ. 34 ಮಿಲಿಮೀಟರಿನ ಗಂಟಲಿನ ವಿಸ್ತೀರ್ಣವು 28ರದರ ಹೆಚ್ಚುಕಡಮೆ ಒಂದೂವರೆ ಪಾಲು. ಅಷ್ಟೇ ಗಾಳಿಯು ಅದರಲ್ಲಿ ಹಾಯುವಾಗ ಅದರ ವೇಗವು ಮೂರರಲ್ಲೊಂದು ಪಾಲು ತಗ್ಗುತ್ತದೆ. ಸೆಳೆತವು ಇನ್ನೂ ಹೆಚ್ಚಾಗಿಯೇ ತಗ್ಗುತ್ತದೆ. ಪೂರ್ಣ ವೇಗದಲ್ಲಿ ಓಡುವ ಪಂದ್ಯದ ಗಾಡಿಗೆ ಅದು ತಕ್ಕುದು. ಎರಡನೆಯ ಗೇರಿನಲ್ಲಿ, ಸಾಮಾನು ಕಟ್ಟಿಕೊಂಡು, ನಿಧಾನವಾಗಿ ಘಟ್ಟ ಹತ್ತತಕ್ಕ ಗಾಡಿಗೆ ಅದು ಬಾಯಿ ದೊಡ್ಡದಾದ ಲೋಟದಲ್ಲಿ ಮಗುವಿಗೆ ಹಾಲು ಕುಡಿಸಿದಂತೆ.

ಹಳೆಯ ಜಾವಾಗಳಲ್ಲಿ ಚೆಕ್ ದೇಶದ ಜಿಕೋವ್ ಕಾರ್ಬ್ಯುರೇಟರು ಇರುತ್ತಿದ್ದಿತು. ಅದರ ಮೇಲಿನ ಗುಂಡಿಯನ್ನು ಬೆರಳಿನಿಂದ ಒತ್ತಿ, ಪೆಟ್ರೋಲು ತುಳುಕಿದ ಮೇಲೆ ಒದೆಯಬೇಕು. ಅದರ ಜೆಟ್ಟುಗಳು ಈಗ ದೊರಕುವುದು ದುರ್ಲಭ. ದೊರಕಿದರೂ ಸ್ಲೈಡು ಸವೆದು ಗಲಗಲ ಎನ್ನುತ್ತಿರುತ್ತದೆ, ಆ ಸಂದಿನಿಂದ ಗಾಳಿ ನುಸುಳುತ್ತದೆ. ಜಪಾನಿನ ಮಿಕುನಿ ಕಂಪೆನಿಯ ದುಂಡುಸ್ಲೈಡಿನ ವಿ.ಎಂ. ಮಾದರಿಯು ಹಾಗಲ್ಲ. ನಂತರದ ಯೆಜ್ದಿಗಳಲ್ಲಿ ಅದೇ ಜಾತಿಯದೇ ಇರುತ್ತಿದ್ದುದರಿಂದ ಅದು ಈ ಗಾಡಿಗೆ ಪರಕೀಯವೂ ಅಲ್ಲ. ಅದರ ಜೆಟ್ಟು, ಸೂಜಿ, ಸ್ಲೈಡುಗಳೆಲ್ಲ ಅಂಕಿಗಳ ಪ್ರಕಾರ ಬಿಡಿಯಾಗಿ ದೊರಕುತ್ತವೆ. ಇದೇ ದೊಡ್ಡ ಗುಣ. ಪೇಟೆಯಲ್ಲಿ ಅದರ ನಕಲುಗಳೂ ಕಾಲು ಬೆಲೆಗೆ ದೊರಕುವುವು. ನಕಲಿಯ ಜೆಟ್ಟಿನ ಮೇಲೆ ಕೊರೆದ ಅಂಕಿಗೂ ಅದರ ರಂಧ್ರಕ್ಕೂ ಸಂಬಂಧವಿರುವುದೆಂದು ಯಾರೂ ಪ್ರಮಾಣ ಮಾಡಲಾರರು. ಸೊಸೆಯು ತನ್ನ ಸಂಬಳದ ಹಣದಿಂದ 28 ಮಿಲಿಮೀಟರಿನ ಅಸಲು ಮಿಕುನಿಯನ್ನೇ ಕೊಂಡಳು. ಅಂಗಡಿಯಲ್ಲಿ ತಾಯಿಯು ಬೆಲೆಯನ್ನು ಕೇಳಿ ಮಾತಾಡಲಿಲ್ಲ. ಮಾತಾಡದಿದ್ದುದು ಮಾತಾಡಿದುದಕ್ಕಿಂತ ಹೆಚ್ಚಾಗಿ ಕೇಳಿಸಿತು.

ಮೇಸ್ತ್ರಿಗಳು ಕೆಲಸಕ್ಕೆ ತೊಡಗಿದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಮನೆಯಲ್ಲಿ ಇಂತಹ ಗಾಡಿಯುಳ್ಳವರಿಗೆ ಉಪಯೋಗವಾದೀತು. ಹೊಸ ಕಾರ್ಬ್ಯುರೇಟರಿಗೂ ಸಿಲಿಂಡರಿಗೂ ನಡುವಣ ರಬ್ಬರು ಕೊಳವೆಯಲ್ಲಿ ಬಿರುಕಿಲ್ಲವೆಂದು ಮೊದಲು ನಿಶ್ಚಯಿಸಿಕೊಂಡರು, ಆ ಬಿರುಕಿನಿಂದ ಕಳ್ಳಗಾಳಿ ಹೊಕ್ಕರೆ ಯಾವ ಜೆಟ್ಟಿನಿಂದಲೂ ಪ್ರಯೋಜನವಿಲ್ಲವೆಂದು. ಕಿಡಿ ಬೀಳುವ ಹೊತ್ತನ್ನು ಸರಿಮಾಡಿದರು. ತೊಟ್ಟಿಯೊಳಗಿನ ತೇಲುಗುಂಡಿನ ಮಟ್ಟವನ್ನು ಅಳೆದರು. ಅನಂತರ ಹಿಡಿಕೆಯ ಮೇಲೆ ಬಿಳಿಯ ಅಂಟುಪಟ್ಟಿಯನ್ನು ಸುತ್ತಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಶಾಯಿಯಿಂದ ಗೆರೆಗಳನ್ನು ಎಳೆದರು. ಈ ಗೆರೆಗಳೇ ಇಡೀ ವಿದ್ಯೆಯ ಬೀಗದ ಕೈ. ಯಾಕೆಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿಗೆ ಒಂದೇ ದಾರಿಯಿಲ್ಲ. ಹಿಡಿಕೆಯನ್ನು ತಿರುಗಿಸಿದ ಆರಂಭದಲ್ಲಿ ಪೈಲಟ್ ಜೆಟ್ಟೂ ಅದರ ಗಾಳಿ ತಿರುಪೂ ಅಧಿಕಾರ ನಡೆಸುವುವು. ಕಾಲುಭಾಗದ ಆಚೀಚೆಗೆ ಸ್ಲೈಡಿನ ತಳವನ್ನು ಓರೆಯಾಗಿ ಕತ್ತರಿಸಿರುವ ಎತ್ತರವು ಮುಖ್ಯ. ಅಲ್ಲಿಂದ ಮುಕ್ಕಾಲಿನವರೆಗೆ ಸ್ಲೈಡಿನಿಂದ ತೂಗುಬಿದ್ದ ಚೂಪು ಸೂಜಿಯ ಆಳ್ವಿಕೆ. ಅದರ ಮೇಲೆ ಮುಖ್ಯ ಜೆಟ್ಟು. ಗಾಡಿಯು ಎಲ್ಲಿ ಉಗ್ಗುವುದೋ ಆ ಗೆರೆಯನ್ನು ನೋಡಿಕೊಂಡರೆ ಯಾವುದಕ್ಕೆ ಕೈ ಹಾಕಬೇಕೆಂಬುದು ತಿಳಿಯುತ್ತದೆ. ಇದನ್ನು ತಿಳಿಯದೆ ಮುಖ್ಯ ಜೆಟ್ಟನ್ನೇ ಹತ್ತು ಸಲ ಬದಲಾಯಿಸುವವರೇ ಹೆಚ್ಚು.

ಆರಂಭದಲ್ಲಿ ಬೇಕೆಂದೇ ದೊಡ್ಡ ಜೆಟ್ಟನ್ನು ಹಾಕಿದರು, 170ನೆಯ ಅಂಕಿಯದು. ಪೆಟ್ರೋಲು ಹೆಚ್ಚಾದರೆ ಗಾಡಿಯು ಹೊಗೆಯುಗುಳಿ ಗೊಣಗುವುದು, ಪ್ಲಗ್ಗು ಮಸಿ ಹಿಡಿಯುವುದು, ಅಪಾಯವಿಲ್ಲ. ಕಡಮೆಯಾದರೆ ಒಂದು ಕ್ಷಣ ಬಹಳ ಚೆನ್ನಾಗಿ ಓಡಿ ಅನಂತರ ಪಿಸ್ಟನ್ನನ್ನು ನುಂಗುವುದು. ಆದುದರಿಂದ ಮೇಲಿನಿಂದ ಕೆಳಗಿಳಿಯಬೇಕೇ ಹೊರತು ಕೆಳಗಿನಿಂದ ಮೇಲೇರಬಾರದು. ಮರುದಿನ ಸೂರ್ಯೋದಯಕ್ಕೆ ಊರ ಹೊರಗಿನ ವರ್ತುಲ ರಸ್ತೆಯಲ್ಲಿ, ಹೊಸ ಪ್ಲಗ್ಗನ್ನು ಹಾಕಿಕೊಂಡು, ಸೊಸೆಯು ಮೂರನೆಯ ಗೇರಿನಲ್ಲಿ ಹಿಡಿಕೆಯನ್ನು ಪೂರ್ತಿ ತೆರೆದು ಅರ್ಧ ಮೈಲಿ ಓಡಿಸಿ, ಒಂದೇ ಸಲಕ್ಕೆ ಕ್ಲಚ್ಚನ್ನು ಹಿಡಿದು ಕಿಡಿಯನ್ನು ನಿಲ್ಲಿಸಿ, ಗಾಡಿಯನ್ನು ಉರುಳಿಸಿಕೊಂಡು ಬದಿಗೆ ತಂದಳು. ಮೇಸ್ತ್ರಿಗಳು ಪ್ಲಗ್ಗನ್ನು ಕಳಚಿ ಕನ್ನಡಕವನ್ನು ಮೇಲೇರಿಸಿ ನೋಡಿದರು. ಅದರ ಪಿಂಗಾಣಿಯ ಮೂಗು ಕಪ್ಪಾಗಿದ್ದಿತು. 160ಕ್ಕೆ ಇಳಿಸಿದಾಗ ಕಡು ಕಂದು. 150ಕ್ಕೆ ಇಳಿಸಿದಾಗ, ಹದವಾಗಿ ಕಾದ ಬೆಣ್ಣೆಯ ತಳದಲ್ಲಿ ಉಳಿಯುವ ಗಸಿಯ ಬಣ್ಣ. ಅದೇ ಬೇಕಾದುದು. ಸುಣ್ಣದಂತೆ ಬೆಳ್ಳಗಾಗಿದ್ದರೆ ಕೂಡಲೆ ಹಿಂದಿರುಗಬೇಕು. ಈಗಿನ ಪೆಟ್ರೋಲಿನಲ್ಲಿ ಪ್ಲಗ್ಗಿನ ಬಣ್ಣವು ಹಿಂದಿನಷ್ಟು ನಂಬತಕ್ಕ ಸಾಕ್ಷಿಯಲ್ಲವಂತೆ. ಆದುದರಿಂದ ಅವರು ಪಿಂಗಾಣಿಯ ಬುಡದಲ್ಲಿ, ಒಳಗಡೆ ಕಾಣುವ ಸಣ್ಣ ಉಂಗುರವನ್ನೇ ದೀಪ ಹಿಡಿದು ನೋಡುತ್ತಿದ್ದರು.

ಈಗಿನ ಪೆಟ್ರೋಲೆಂದಾಗ ಒಂದು ಮಾತು. ಅದರಲ್ಲಿ ಈಗ ನೂರಕ್ಕೆ ಇಪ್ಪತ್ತರಷ್ಟು ಎಥನಾಲು ಬೆರೆತಿರುತ್ತದೆ. ಒಂದು ತೂಕದ ಅಪ್ಪಟ ಪೆಟ್ರೋಲು ಪೂರ್ತಿಯಾಗಿ ಉರಿಯಲು 14.7 ತೂಕದ ಗಾಳಿ ಬೇಕು; ಈ ಬೆರಕೆಗೆ ಹದಿಮೂರೂವರೆಯ ಆಸುಪಾಸು ಸಾಕು. ಎಂದರೆ ಅದೇ ಜೆಟ್ಟಿನಲ್ಲಿ ಗಾಡಿಯು ಮೊದಲಿಗಿಂತ ಬಡವಾದ ಮಿಶ್ರಣದಲ್ಲಿ ಓಡುತ್ತದೆ. ಕಾರ್ಖಾನೆಯವರು ನಾಲ್ವತ್ತು ವರ್ಷಗಳ ಹಿಂದೆ ಅಚ್ಚು ಹಾಕಿಸಿದ ಕೈಪಿಡಿಯ ಅಂಕಿಗಳನ್ನು ಕಣ್ಣುಮುಚ್ಚಿ ಅನುಸರಿಸುವವರು ಇದನ್ನು ಗಮನಿಸಬೇಕು. ಹಳೆಯ ರಬ್ಬರು ಕೊಳವೆಗಳನ್ನೂ ಈ ಎಥನಾಲು ಮೆತ್ತಗೆ ಮಾಡುವುದುಂಟು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರಿನ ತೊಟ್ಟಿಯನ್ನು ಖಾಲಿಮಾಡಿಡುವುದು ಲೇಸು.

ಮೂರನೆಯ ದಿನ ಚಾಮುಂಡಿ ಬೆಟ್ಟವನ್ನು ಹತ್ತಿದುದು ಭಕ್ತಿಗಿಂತ ಹೆಚ್ಚಾಗಿ ಸೂಜಿಯ ಪರೀಕ್ಷೆಗಾಗಿ. ನಾವು ಹಿಂದಿನ ಆಸನದಲ್ಲಿ ಭಾರವಾಗಿ ಕುಳಿತೆವು. ಭಾರವಾಗುವುದೇ ನಮ್ಮ ಉದ್ಯೋಗವೆಂದು ಮೇಸ್ತ್ರಿಗಳು ಹೇಳಿ ಕಳುಹಿಸಿದ್ದರು. ಮೈಸೂರಿನಿಂದ ಸುಮಾರು ಮುನ್ನೂರು ಮೀಟರು ಏರತಕ್ಕ ಆ ರಸ್ತೆಯಲ್ಲಿ, ನಂದಿಯ ಕಡೆಗೆ ದಾರಿ ಒಡೆಯುವಲ್ಲಿ, ಗಾಡಿಯು ಅರ್ಧದ ಗೆರೆಗೆ ಬಂದೊಡನೆ ಉಸಿರು ಸಿಕ್ಕಿಕೊಂಡವರಂತೆ ತಡವರಿಸಿತು. ಸೂಜಿಯ ತಲೆಯಲ್ಲಿ ಐದು ಗಾಡಿಗಳಿವೆ, ಎಂದರೆ ಸಣ್ಣ ಕಚ್ಚುಗಳು; ಅವುಗಳಲ್ಲಿ ಒಂದರೊಳಗೆ ಉಗುರಿನ ತುಣುಕಿನಂಥ ಒಂದು ಕ್ಲಿಪ್ಪು ಕೂತಿರುತ್ತದೆ. ಮೇಲಿನಿಂದ ಮೂರನೆಯ ಕಚ್ಚಿನಲ್ಲಿದ್ದುದನ್ನು ನಾಲ್ಕನೆಯದಕ್ಕೆ ಇಳಿಸಿದರೆ ಸೂಜಿಯು ಮೇಲೇರಿ ಪೆಟ್ರೋಲಿಗೆ ದಾರಿ ಹೆಚ್ಚಾಗುತ್ತದೆ. ಸೊಸೆಯು ಹೂವಿನಂಗಡಿಯ ಪಕ್ಕದಲ್ಲಿ ನಿಂತೇ ಅದನ್ನು ಮಾಡಿದಳು. ಎರಡನೆಯ ಸಲ ಹತ್ತುವಾಗ ತಡವರಿಕೆ ಇರಲಿಲ್ಲ. ಬೆಟ್ಟದ ಮೇಲಿನಿಂದ ಲಲಿತ ಮಹಲೂ ಕಾರಂಜಿ ಕೆರೆಯೂ ಬಿಸಿಲಿನಲ್ಲಿ ಕಾಣುತ್ತಿದ್ದುವು. ತಾಯಿಯ ದರ್ಶನವನ್ನೂ ಮಾಡಿದೆವು.

ಕಡೆಯದಾಗಿ ಗಾಳಿ ತಿರುಪನ್ನು ಒಂದೂವರೆ ಸುತ್ತಿನಿಂದ ಒಂದೂಮುಕ್ಕಾಲಕ್ಕೆ ಬಿಚ್ಚಿ, ಯಂತ್ರವು ನಿಂತಲ್ಲಿಯೇ ಸಮನಾಗಿ ಬಡಿದುಕೊಳ್ಳುವಂತೆ ಮಾಡಿದರು. ಮೇಸ್ತ್ರಿಗಳು ತಮ್ಮ ಕೂಲಿಯ ಜೊತೆಗೆ ಬಾಕಿ ಕೆಲಸವನ್ನೂ ಒಪ್ಪಿಸಿದರು: 140 ಮತ್ತು 145ರ ಎರಡು ಜೆಟ್ಟುಗಳು, ಒಂದು ತಿರುಪುಳಿ, ಒಂದು ಚೂರು ಬಟ್ಟೆ. “ಊಟಿ ಗಾಳಿ ಬೇರೆ. ನಡುವಟ್ಟ ದಾಟಿದ ಮೇಲೆ ಅದೇ ಹೇಳುತ್ತೆ. ಹೇಳಿದಾಗ ಕೇಳು. ಇಳಿಯುವಾಗ ಮರೆಯಬೇಡ.”

ಶನಿವಾರ ಮುಂಜಾನೆ ಹೊರಟೆವು. ಮುಂದೆ ಯೆಜ್ದಿ, ಹಿಂದೆ ನಾವೂ ತಂಗಿಯೂ ಕಾರಿನಲ್ಲಿ, ಕಾಫಿಯ ಫ್ಲಾಸ್ಕು, ಬುತ್ತಿ, ತಂಗಿಯ ಮೌನ ಇವುಗಳೊಂದಿಗೆ. ಗೇರಿನ ಸನ್ನೆಯನ್ನೇ ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿ ಒದೆಯುವ ಆ ಗಾಡಿಯ ವಿಚಿತ್ರ ವ್ಯವಸ್ಥೆಯನ್ನು ಕಂಡು ಪೆಟ್ರೋಲು ಬಂಕಿನ ಹುಡುಗನು ಬೆರಗಾದನು. ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಮೈಸೂರಿಗೆ ಅರುವತ್ತು ಕಿಲೋಮೀಟರಿನ ಗುಂಡ್ಲುಪೇಟೆಗೆ ಬಂದೆವು. ದಾರಿಯು ಚಪ್ಪಟೆ, ಗಾಡಿಯು ನಿಶ್ಚಿಂತೆ, ಹೇಳತಕ್ಕದ್ದೇನೂ ಇಲ್ಲ. ಅಲ್ಲಿಂದ ಮುಂದೆ ಬಂಡೀಪುರದ ಅರಣ್ಯ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ದಾರಿಯು ವಾಹನಗಳಿಗೆ ಮುಚ್ಚಿರುತ್ತದೆ. ಹಗಲಿನಲ್ಲಿಯೂ ನಿಲ್ಲಕೂಡದು, ವೇಗವಾಗಿ ಹೋಗಕೂಡದು. ಮಳೆಗಾಲ ಕಳೆದು ಕಾಡು ಹಸುರಾಗಿದ್ದಿತು. ಜಿಂಕೆಗಳ ಹಿಂಡೊಂದು ರಸ್ತೆಯ ಅಂಚಿನಲ್ಲಿ ತಲೆಯೆತ್ತಿ ನೋಡಿತು, ಓಡಲಿಲ್ಲ. ಜೋಡಿ ಸೈಲೆನ್ಸರುಗಳನ್ನು ಅಟ್ಟದಿಂದ ಇಳಿಸಿದ್ದು ಸಾರ್ಥಕವಾಯಿತೆಂದು ನಾವು ಹೇಳಿದೆವು. “ನಿಂತರೆ ಇಲ್ಲಿಯೇ ನಿಲ್ಲುತ್ತದೆ, ನೋಡುತ್ತಿರು” ಎಂದಳು ತಂಗಿ.

ನಿಲ್ಲಲಿಲ್ಲ. ಮುದುಮಲೆಯನ್ನೂ ತೆಪ್ಪಕಾಡನ್ನೂ ದಾಟಿ ಗೂಡಲೂರು ತಲಪಿದೆವು. ಇಲ್ಲಿಯವರೆಗೆ ದಾರಿಯ ಎತ್ತರವು ಮೈಸೂರಿಗಿಂತ ಬಹಳ ಹೆಚ್ಚಲ್ಲವಾದುದರಿಂದ ಮೈಸೂರಿನ ಜೆಟ್ಟೇ ಸಲ್ಲುತ್ತದೆ. ನೀಲಗಿರಿಗೆ ಬರುವ ವಾಹನಗಳಿಗೆ 2024ರ ಮೇ ತಿಂಗಳಲ್ಲಿ ಜಾರಿಗೆ ಬಂದ ಇ-ಪಾಸನ್ನು ನಾವು ಮೊದಲೇ ಪಡೆದಿದ್ದೆವು. ಊರು ದಾಟಿದ ಕೂಡಲೇ ಘಟ್ಟವು ಮೊದಲಾಗುತ್ತದೆ. ಕೆಲವು ತಿರುವುಗಳಾದ ಮೇಲೆ ಊಸಿಮಲೆ ಎಂಬ ನೋಟದ ಸ್ಥಳವುಂಟು. ಊಸಿ ಎಂದರೆ ತಮಿಳಿನಲ್ಲಿ ಸೂಜಿ. ಸೊಸೆಯು ಹಾದುಹೋಗುವಾಗ ಆ ಫಲಕದ ಕಡೆಗೆ ಕೈ ತೋರಿಸಿದಳು. ಅರ್ಥವಾದುದು ನಮಗೆ ಮಾತ್ರ.

ನಡುವಟ್ಟದಲ್ಲಿ ಸಿಂಕೋನಾ ತೋಟಗಳಿದ್ದುವು. ಮಲೇರಿಯಕ್ಕೆ ಕ್ವಿನೈನ್ ಮದ್ದನ್ನು ಅಲ್ಲಿ ತಯಾರಿಸುತ್ತಿದ್ದರು. ಈಗ ಕಣ್ಣು ಹಾಯುವಷ್ಟೂ ಚಹದ ಗಿಡ. ಮಂಜು ಇಳಿಯುತ್ತಿದ್ದಿತು. ಅಲ್ಲಿಂದ ಮುಂದೆ ಯೆಜ್ದಿಯ ಸದ್ದು ಬದಲಾಯಿತು. ಒಂದೇ ಎಳೆಯಾಗಿ ಬರುತ್ತಿದ್ದುದು ಒಂದು ಬಿಟ್ಟು ಒಂದಾಗಿ, ಕೆಮ್ಮಿದಂತೆ ಕೇಳತೊಡಗಿತು. ಬಾಲದಲ್ಲಿ ನೀಲಿಯ ಹೊಗೆ ದಟ್ಟವಾಯಿತು. ಏರಿನಲ್ಲಿ ವೇಗವು ತಗ್ಗಿ, ಹಿಂದಿನಿಂದ ಬಂದ ಬಸ್ಸೊಂದು ಹಾರನ್ನು ಬಾರಿಸಿ ಮುಂದೆ ಹೋಯಿತು. ತಂಗಿಯು ಸೀಟಿನ ಅಂಚಿಗೆ ಬಂದಳು. ಪೈಕಾರದ ಹತ್ತಿರ, ರಸ್ತೆಯು ಸ್ವಲ್ಪ ಅಗಲವಾಗಿ ಚಹದಂಗಡಿಯೊಂದು ಇರುವಲ್ಲಿ, ಸೊಸೆಯು ಕೈ ತೋರಿಸಿ ಗಾಡಿಯನ್ನು ಬದಿಗೆ ತೆಗೆದುಕೊಂಡಳು.

“ನಿಂತಿತು” ಎಂದಳು ತಂಗಿ, ಕಾರಿನಿಂದ ಇಳಿಯುತ್ತ.

“ನಾನು ನಿಲ್ಲಿಸಿದೆನಮ್ಮ” ಎಂದಳು ಮಗಳು. ನಿಜವೇ, ಯಂತ್ರವು ಇನ್ನೂ ಬಡಿದುಕೊಳ್ಳುತ್ತಲೇ ಇದ್ದಿತು. ಅವಳು ಕೀಲಿಯನ್ನು ತಿರುಗಿಸಿ ಅದನ್ನು ಸುಮ್ಮನಿರಿಸಿದಳು.

ಆದುದೇನೆಂಬುದನ್ನು ನಾವು ವಿವರಿಸಿದೆವು. ಊಟಿಯು ಸಮುದ್ರಮಟ್ಟಕ್ಕೆ 2,240 ಮೀಟರಿನಷ್ಟು ಮೇಲಿದೆ. ಮೈಸೂರು 770ರ ಸುಮಾರು. ಅಲ್ಲಿಯ ಗಾಳಿಯು ಮೈಸೂರಿನದಕ್ಕಿಂತ ಏಳರಲ್ಲೊಂದು ಪಾಲು ತೆಳ್ಳಗೆ. ಗಂಟಲಲ್ಲಿ ಹಾಯುವ ಗಾಳಿಯ ತೂಕವು ಅಷ್ಟು ಕಡಮೆಯಾದರೂ ಪೆಟ್ರೋಲು ಅದೇ ಪ್ರಮಾಣದಲ್ಲಿ ಕಡಮೆಯಾಗುವುದಿಲ್ಲ. ಅದು ನೂರಕ್ಕೆ ಏಳರಷ್ಟು ಹೆಚ್ಚಾಗಿ ಉಳಿಯುತ್ತದೆ. ಅಕ್ಕಿ ಕಡಮೆ ಮಾಡಿ ನೀರನ್ನು ಮೊದಲಿನಷ್ಟೇ ಇಟ್ಟರೆ ಅನ್ನ ಮುದ್ದೆಯಾಗುವಂತೆ. ಗಾಡಿಯು ಕೆಟ್ಟಿಲ್ಲ, ಅದಕ್ಕೆ ಊಟ ಹೆಚ್ಚಾಗಿದೆ. ತಂಗಿಯು ಕೇಳಿಸಿಕೊಂಡಳೇ ಹೊರತು ಏನೂ ಹೇಳಲಿಲ್ಲ.

ಸೊಸೆಯು ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಯಂತ್ರವು ಆರುವ ತನಕ ಕಾದು, ತೊಟ್ಟಿಯನ್ನು ಬರಿದುಮಾಡಿ, ಅದರ ಅಡಿಯಿಂದ ಮುಖ್ಯ ಜೆಟ್ಟನ್ನು ಬಿಚ್ಚಿದಳು. ಮಂಜಿನ ತಣ್ಣನೆಗೆ ಅವಳ ಬೆರಳುಗಳು ಸೆಡೆತಿದ್ದುವು. “ಅಮ್ಮ, ಇದನ್ನು ಸ್ವಲ್ಪ ಹಿಡಿದುಕೋ” ಎಂದು ತಾಯಿಯ ಅಂಗೈಗೆ ಹಾಕಿದಳು. ಮೂಗುಬೊಟ್ಟಿನ ತಿರುಪಿಗಿಂತ ತುಸು ದೊಡ್ಡದಾದ ಹಿತ್ತಾಳೆಯ ಚೂರು. ನಡುವೆ ಕೂದಲು ಹೋಗುವಷ್ಟು ಎಂಬಂಥ ರಂಧ್ರ. ತಂಗಿಯು ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಇದಕ್ಕೇ ಅವರು ರಾತ್ರಿಯೆಲ್ಲ ನಿದ್ದೆ ಕೆಡುತ್ತಿದ್ದದ್ದು?” ಎಂದಳು. ಭಾವನವರ ಮಾತನ್ನು ಅವಳು ಆ ದಿನ ಎತ್ತಿದ್ದು ಅದೊಂದೇ ಸಲ. 140ರ ಹೊಸ ಜೆಟ್ಟನ್ನು ಕೂರಿಸಲು ಮಗಳ ಬೆರಳು ಎರಡು ಸಲ ಜಾರಿದಾಗ, “ಸರಿ, ಇಲ್ಲಿ ಕೊಡು” ಎಂದು ತಾನೇ ಬಗ್ಗಿ, ಮೊದಲು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಮರೆ ಸರಿಯಾಗಿ ಕೂತಿತೆಂದು ತಿಳಿದ ಮೇಲೆ ಮುಂದಕ್ಕೆ ತಿರುಗಿಸಿದಳು. ಸಣ್ಣ ತಿರುಪುಗಳನ್ನು ಕಾಣದ ಕಡೆಯಲ್ಲಿ ಕೂರಿಸುವ ವಿದ್ಯೆಯು ಹೆಂಗಸರಿಗೆ ನಾವು ಕಲಿಸತಕ್ಕದ್ದಲ್ಲ. ಬಿಚ್ಚಿದ ಜೆಟ್ಟನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಸೂಜಿಯ ಕ್ಲಿಪ್ಪು ನಾಲ್ಕನೆಯ ಕಚ್ಚಿನಿಂದ ಮೂರನೆಯದಕ್ಕೆ ಮರಳಿತು.

ಅಂಗಡಿಯ ಮುದುಕರು ಬಡಗರು. ಅವರ ಮಾತು ಕನ್ನಡದ ಒಡಹುಟ್ಟಾದುದರಿಂದ ಅರ್ಧಕ್ಕಿಂತ ಹೆಚ್ಚು ನಮಗೆ ತಿಳಿಯಿತು. ತಮ್ಮ ಯೌವನದಲ್ಲಿ ಜಾವಾ ಇದ್ದಿತೆಂದೂ, ಹೆಂಡತಿಯನ್ನು ಮದುವೆಯ ಮರುದಿನ ಅದರಲ್ಲಿಯೇ ಕರೆತಂದರೆಂದೂ ಅವರು ಹೇಳಿದಂತಾಯಿತು. ಚಹದ ದುಡ್ಡನ್ನು ತೆಗೆದುಕೊಳ್ಳಲು ಬಹಳ ಬಲವಂತ ಮಾಡಬೇಕಾಯಿತು.

ಒಂದೇ ಒದೆತಕ್ಕೆ ಯಂತ್ರವು ಎದ್ದಿತು. ಆಮೇಲಿನ ಇಪ್ಪತ್ತು ಕಿಲೋಮೀಟರನ್ನು ಅದು ಹೇಗೆ ಹತ್ತಿತೆಂಬುದನ್ನು ಹೇಳಲು ಹೊರಟರೆ ಉತ್ಪ್ರೇಕ್ಷೆಯಾದೀತು. ಹಿಂದೆ ಕಾರಿನಲ್ಲಿ ನಾವು ಅದನ್ನು ಹಿಡಿಯಲು ಗೇರು ಬದಲಾಯಿಸಬೇಕಾಯಿತೆಂದಷ್ಟೇ ಹೇಳುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಊಟಿಯ ಅವಳ ಮನೆಯ ಬಾಗಿಲಲ್ಲಿ ಗಾಡಿಯು ನಿಂತಿತು.

ಊಟವಾದ ಬಳಿಕ ಸೊಸೆಗೆ ಇಳಿಯುವ ದಾರಿಯ ಎಚ್ಚರಗಳನ್ನು ಇನ್ನೊಮ್ಮೆ ಹೇಳಿದೆವು. ಊಟಿಯ ಜೆಟ್ಟಿನಲ್ಲಿ ಮೈಸೂರಿನ ಬಯಲಿಗೆ ಇಳಿಯಬಾರದು. ಅಲ್ಲಿಯ ದಟ್ಟ ಗಾಳಿಗೆ ಅದು ಸಾಲದೆ ಪಿಸ್ಟನ್ನು ಸುಡುವುದು. ಅಲ್ಲದೆ ಘಟ್ಟ ಇಳಿಯುವಾಗ ಹಿಡಿಕೆಯನ್ನು ಪೂರ್ತಿ ಮುಚ್ಚಿ ಯಂತ್ರದ ತಡೆಯಿಂದಲೇ ಬಹಳ ದೂರ ಇಳಿಯುವುದು ಟೂ-ಸ್ಟ್ರೋಕ್ ಗಾಡಿಗೆ ಕೇಡು: ಚಕ್ರವು ಯಂತ್ರವನ್ನು ಓಡಿಸುತ್ತಿರುವಾಗ ಪೆಟ್ರೋಲಿನೊಡನೆ ಬರತಕ್ಕ ಎಣ್ಣೆಯು ಬರುವುದಿಲ್ಲ. ಆಗಾಗ ಹಿಡಿಕೆಯನ್ನು ತುಸು ತೆರೆದು ಎಣ್ಣೆ ಕುಡಿಸುತ್ತಿರಬೇಕು.

ತಂಗಿಯು ಸೆರಗಿನ ಗಂಟನ್ನು ಬಿಚ್ಚಿ ಜೆಟ್ಟನ್ನು ಮಗಳ ಕೈಯಲ್ಲಿಟ್ಟಳು. “ದೀಪಾವಳಿಗೆ ಬರುವಾಗ ಗೂಡಲೂರಿನಲ್ಲಿ ಹಾಕುತ್ತೇನೆಂದು ಕೂತುಬಿಡಬೇಡ. ಇಲ್ಲಿಂದ ಹೊರಡುವಾಗಲೇ ಹಾಕಿಕೊಂಡು ಹೊರಡು. ಹೊಗೆ ಬಂದರೆ ಬರಲಿ.”

ಸಂಜೆ ಒಂಬತ್ತಕ್ಕೆ ಮುಂಚೆ ಬಂಡೀಪುರವನ್ನು ದಾಟಬೇಕಾದುದರಿಂದ ನಾವು ನಾಲ್ಕಕ್ಕೆಲ್ಲ ಹೊರಟೆವು. ಗುಂಡ್ಲುಪೇಟೆಯ ಹತ್ತಿರ ತಂಗಿಯ ಫೋನು ಬಾರಿಸಿತು. ಬೆಂಗಳೂರಿನ ಗಿರಾಕಿ, ಸೋಮವಾರ ಎಷ್ಟು ಹೊತ್ತಿಗೆ ಬರಲೆಂದು ಕೇಳುತ್ತಿದ್ದರು.

“ಗಾಡಿ ಊರಿನಲ್ಲಿಲ್ಲ, ಸ್ವಾಮಿ” ಎಂದಳು ತಂಗಿ. “ಊಟಿಯಲ್ಲಿದೆ.”